ಗೊಂಪೊನನ್ನು ಹಿಡಿದುಕೊಟ್ಟದ್ದು ನಾನು

ನಾನು ಒಂದು ಮೊಬೈಲ್ ಫೋನ್. ಕಪ್ಪು ಬಣ್ಣ, ಅಂಗೈಯಗಲ ಗಾಜು, ಬೆನ್ನಿಗೆ ಎರಡು ಕಣ್ಣು. ಹೆದ್ದಾರಿ ಪಕ್ಕದ ಒಂದು ದೊಡ್ಡ ಕಾರ್ಖಾನೆಯಲ್ಲಿ, ನೀಲಿ ಕೈಗವಸು ತೊಟ್ಟ ಹೆಣ್ಣುಮಕ್ಕಳ ಸಾಲಿನಲ್ಲಿ, ಒಬ್ಬೊಬ್ಬರು ಒಂದೊಂದು ಸ್ಕ್ರೂ ತಿರುಗಿಸಿ ನನ್ನನ್ನು ಜೋಡಿಸಿದರು. ನನ್ನ ಗಾಜು ಒಂದು ದೇಶದ್ದು, ಬ್ಯಾಟರಿ ಇನ್ನೊಂದು ದೇಶದ್ದು, ಮಿದುಳಿನಂಥ ಚಿಪ್ ಮೂರನೆಯದರದ್ದು. ಆ ದೇಶಗಳ ನಡುವೆ ಆಗ ಸುಂಕದ ಜಗಳ, ಗಡಿಯ ಜಗಳ ನಡೆದಿದ್ದವು. ನನಗದು ತಿಳಿದದ್ದು ಆಮೇಲೆ, ನನ್ನ ಗಾಜಿನ ಮೇಲೆಯೇ ಹಾದುಹೋದ ಸುದ್ದಿಗಳಿಂದ. ಒಬ್ಬರ ಮುಖ ಒಬ್ಬರು ನೋಡದವರ ಸರಕೆಲ್ಲ ನನ್ನ ಹೊಟ್ಟೆಯಲ್ಲಿ ಮಾತ್ರ ಒಗ್ಗಟ್ಟಾಗಿ ಕೂತಿತ್ತು.

ನನ್ನನ್ನು ಮೊದಲು ಕೊಂಡವರು ಧಾರವಾಡದ ವಸುಂಧರಾ ಹಿರೇಗೌಡರ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರು. ಖಾಸಗಿತನ ಮೂಲಭೂತ ಹಕ್ಕು ಎಂದು ತರಗತಿಯಲ್ಲಿ ಚೆನ್ನಾಗಿ ಪಾಠ ಮಾಡುತ್ತಿದ್ದರು. ಹೊರಗೆ ಬಂದು, ಯಾವ ಆ್ಯಪ್ ಏನು ಕೇಳಿದರೂ ಓದದೆ ‘ಒಪ್ಪಿಗೆ’ ಒತ್ತುತ್ತಿದ್ದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಎರಡು ವರ್ಷ ಮೆತ್ತಗಿನ ಚೀಲದಲ್ಲಿಟ್ಟು ಸಾಕಿದರು. ಹೊಸ ಫೋನ್ ಬಂದ ದಿನ ನನ್ನನ್ನು ಕೊಟ್ಟುಬಿಟ್ಟರು.

ಕೈಯಿಂದ ಕೈಗೆ ದಾಟಿ ನಾನು ಬಾಳೆಹೊಂಡ ಎಂಬ ಪೇಟೆಗೆ ಬಂದೆ. ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಅಲ್ಲಿ ಇರ್ಫಾನ್ ಸವಣೂರನದು ಮೊಬೈಲ್ ರಿಪೇರಿ ಅಂಗಡಿ. ಮೂವತ್ತರ ಆಸುಪಾಸಿನ ಮನುಷ್ಯ, ಕೆಲಸ ಮಾಡುವಾಗ ನಾಲಿಗೆ ಕಚ್ಚಿಕೊಳ್ಳುವ ಅಭ್ಯಾಸ. ನನ್ನೊಳಗಿದ್ದ ಮೇಡಂ ಅವರ ಗುರುತನ್ನೆಲ್ಲ ಅಳಿಸಿದ, ಬ್ರಶ್ಶಿನಿಂದ ಧೂಳು ತೆಗೆದ, ಗಾಜಿನ ಡಬ್ಬಿಯಲ್ಲಿ ಮುಂದಿನ ಸಾಲಿಗೆ ಇಟ್ಟ.

ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಟಿಬೆಟಿನಿಂದ ಬಂದವರ ವಸತಿ ಇತ್ತು. ಅದನ್ನು ಅಲ್ಲಿಯವರು ಕ್ಯಾಂಪ್ ಎನ್ನುತ್ತಾರೆ. ಒಂದು ಮಂಗಳವಾರ ಸಂತೆಗೆ ಬಂದ ಯಾಂಗ್‌ಚೆನ್ ಎಂಬ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದಳು. ವಯಸ್ಸು ನಲವತ್ತು. ಚಳಿಗಾಲ ಬಂದರೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವವಳು. ಆ ಮಾರಾಟದಲ್ಲೇ ಕಲಿತ ಕನ್ನಡ.

“ನನಗ ಫೋಟೊ-ಗೀಟೊ ಬ್ಯಾಡ ಇರ್ಫಾನ್. ದನಿ ಚಲೋ ಕೇಳಬೇಕ. ನಮ್ಮಣ್ಣ ಭಾಳ ದೂರದಾಗ ಅದಾನ,” ಎಂದಳು.

“ಇದನ್ನ ಒಯ್ಯಿರಿ ಅಕ್ಕಾರ. ಮೇಡಂ ಒಬ್ರು ಬಳಸಿದ್ದು, ಒಂದು ಗೀರೂ ಇಲ್ಲ. ನಿಮ್ಮ ಟಿಬೆಟಿ ಅಕ್ಷರಾನೂ ಹಾಕಿ ಕೊಡ್ತೀನಿ,” ಎಂದ ಇರ್ಫಾನ್. ಆ ಅಕ್ಷರ ಹಾಕುವುದು ಅವನಿಗೆ ಬರುತ್ತಿರಲಿಲ್ಲ. ಅವಳನ್ನು ಕೂರಿಸಿ, ಚಹಾ ತರಿಸಿ, ಒಂದು ತಾಸು ತಡಕಾಡಿ ಕಲಿತು ಹಾಕಿದ.

ಹಾಗೆ ನಾನು ಯಾಂಗ್‌ಚೆನ್ ಮನೆಗೆ ಹೋದೆ.

ಅವಳು ಹನ್ನೊಂದು ವರ್ಷದವಳಿದ್ದಾಗ ತಾಯಿ ಅವಳನ್ನು ಪರಿಚಯದ ಜನರ ಜೊತೆ ಹಿಮದ ದಾರಿ ಹಿಡಿಸಿ ಕಳಿಸಿದ್ದಳು. ಇಪ್ಪತ್ತಾರು ದಿನ ನಡೆದು ಗಡಿ ದಾಟಿ ಬಂದ ಮಗು. ತಾಯಿಯನ್ನು ನೋಡಿಕೊಳ್ಳಲು ಅಣ್ಣ ಗೊಂಪೊ ಅಲ್ಲೇ ಉಳಿದ. ಆಮೇಲೆ ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಈಗ ನಾನು ಅವರಿಬ್ಬರ ನಡುವಿನ ದಾರಿಯಾದೆ.

ವಾರಕ್ಕೆ ಎರಡು ಮೂರು ಸಲ ಗೊಂಪೊನ ದನಿ ಬರುತ್ತಿತ್ತು. ಗಟ್ಟಿ ಗಂಟಲು, ನಡುವೆ ಕೆಮ್ಮು. ಬಾರ್ಲಿ ಹೇಗೆ ಬಂತು, ಯಾವ ಯಾಕ್ ಎತ್ತು ಕಾಲು ಮುರಿದುಕೊಂಡಿತು, ಅಮ್ಮನ ಮೊಣಕಾಲು ಹೇಗಿದೆ, ಇಷ್ಟೇ. ಎಂಬತ್ತು ದಾಟಿದ ತಾಯಿಗೆ ಫೋನಿನ ಮೇಲೆ ನಂಬಿಕೆ ಇರಲಿಲ್ಲ. ಮಗಳ ದನಿ ಕೇಳಿದ ಕೂಡಲೇ “ಊಟ ಆಯಿತೇ?” ಎಂದು ಕೂಗಿ, ಉತ್ತರ ಬರುವ ಮೊದಲೇ ಫೋನನ್ನು ಮಗನಿಗೆ ಕೊಟ್ಟುಬಿಡುತ್ತಿದ್ದಳು. ಯಾಂಗ್‌ಚೆನ್ ನಗುತ್ತಾ ಅಳುತ್ತಿದ್ದಳು. ಆಗೆಲ್ಲ ನನ್ನ ಗಾಜು ಒದ್ದೆಯಾಗುತ್ತಿತ್ತು. ನನ್ನ ಬಾಳಿನಲ್ಲಿ ನಾನು ಹೆಮ್ಮೆಪಟ್ಟದ್ದು ಆ ಒಂದು ವರ್ಷ ಮಾತ್ರ.

ಕೆಲವು ಸಲ ಗೊಂಪೊ ವಿಚಿತ್ರವಾದ ಮಾತು ಸೇರಿಸುತ್ತಿದ್ದ. “ಇವತ್ತು ಹನ್ನೊಂದು ಮರಿಗಳಿಗೆ ಹುಲ್ಲು ಹಾಕಿದೆ. ಎಲ್ಲ ಚೆನ್ನಾಗಿ ಮೇಯುತ್ತಿವೆ.” ಅವನ ಮನೆಯಲ್ಲಿ ಮರಿಗಳಿರಲಿಲ್ಲ.

ಇದಾದ ಮೇಲೆ ಅವಳ ಊರಿನ ಸೀಮೆಯಲ್ಲಿ ಭೂಮಿ ನಡುಗಿದ ಸುದ್ದಿ ಬಂತು. ಮೂರು ದಿನ ಗೊಂಪೊನಿಂದ ಮಾತಿಲ್ಲ. ಯಾಂಗ್‌ಚೆನ್ ನನ್ನನ್ನು ಕೈಯಿಂದ ಕೆಳಗಿಡಲಿಲ್ಲ. ಮೂರನೇ ದಿನ ಬೆಳಗ್ಗೆ ಗುರುತಿಲ್ಲದ ನಂಬರಿನಿಂದ, ಅವಳದೇ ಭಾಷೆಯಲ್ಲಿ, ಅವಳದೇ ಹಳ್ಳಿಯ ಹೆಸರು ಹಿಡಿದು ಒಂದು ಸಂದೇಶ ಬಂತು: ‘ಭೂಕಂಪದಲ್ಲಿ ಬಿದ್ದ ಮನೆಗಳ ಚಿತ್ರಗಳು. ನಿಮ್ಮವರು ಇದ್ದಾರೆಯೇ ನೋಡಿ.’

ಯಾರು ತಾನೇ ಒತ್ತುವುದಿಲ್ಲ? ಅವಳು ಒತ್ತಿದಳು.

ಎರಡು ಕುಸಿದ ಗೋಡೆಗಳ ಚಿತ್ರಗಳು ಕಂಡವು. ಅವಳ ಮನೆಯದಲ್ಲ. ಅವಳು ಉಸಿರುಬಿಟ್ಟಳು. ಆ ಚಿತ್ರಗಳ ಬೆನ್ನಿಗೆ ಇನ್ನೇನೋ ನನ್ನೊಳಗೆ ನುಗ್ಗಿತು. ಬಾಗಿಲು ತಟ್ಟಲಿಲ್ಲ, ಒಪ್ಪಿಗೆ ಕೇಳಲಿಲ್ಲ. ನನ್ನ ಕಿವಿ, ನನ್ನ ಕಣ್ಣು, ನನ್ನ ನೆನಪು ಎಲ್ಲವೂ ಬೇರೆ ಯಾರದೋ ಸ್ವಾಧೀನಕ್ಕೆ ಹೋದವು. ಮೈ ಸ್ವಲ್ಪ ಬಿಸಿಯಾಯಿತು, ಬ್ಯಾಟರಿ ಬೇಗ ಇಳಿಯತೊಡಗಿತು. ನಾನು ಕೊಡಬಲ್ಲ ಎಚ್ಚರಿಕೆ ಅಷ್ಟೇ. ಅವಳು ಅದನ್ನು ನನ್ನ ವಯಸ್ಸು ಎಂದುಕೊಂಡಳು.

ಮರುದಿನ ಗೊಂಪೊನ ದನಿ ಬಂತು. ಎಲ್ಲರೂ ಕ್ಷೇಮ, ಮರಿಗಳೂ ಕ್ಷೇಮ. ಆ ಸಂಜೆ ಅಡಿಗೆಮನೆಯಲ್ಲಿ ಯಾಂಗ್‌ಚೆನ್ ಮತ್ತು ಅವಳ ಗಂಡ ಥುಪ್ತೆನ್ ಚಹಾ ಕುಡಿಯುತ್ತಿದ್ದರು. ನಾನು ಕೆಟಲಿನ ಪಕ್ಕದಲ್ಲಿ ಬಿದ್ದಿದ್ದೆ. ಗಾಜು ಕಪ್ಪಗಿತ್ತು. ನೋಡಿದವರು ನಿದ್ದೆ ಮಾಡುತ್ತಿದೆ ಎನ್ನಬೇಕು.

“ನಿನ್ನಣ್ಣ ಯಾವಾಗಿಂದ ಕುರಿ ಸಾಕಿದ?” ಎಂದು ಥುಪ್ತೆನ್ ಕೇಳಿದ.

ಅವಳು ಕಿಟಕಿ ಮುಚ್ಚಿ ಬಂದಳು. “ಮರಿಗಳು ಅಂದರೆ ಮಕ್ಕಳು. ಅಲ್ಲಿ ನಮ್ಮ ಭಾಷೆಯ ಶಾಲೆ ಮುಚ್ಚಿಸಿದ್ದಾರೆ. ಅಣ್ಣ ಹಿಂದಿನ ಕೋಣೆಯಲ್ಲಿ ಹನ್ನೊಂದು ಮಕ್ಕಳಿಗೆ ಅಕ್ಷರ ಕಲಿಸುತ್ತಾನೆ. ಯಾರಿಗೂ ಹೇಳಬೇಡ.”

“ಯಾರಿಗೆ ಹೇಳಲಿ?” ಎಂದ ಥುಪ್ತೆನ್.

ಅವನು ಯಾರಿಗೂ ಹೇಳಲಿಲ್ಲ. ನಾನು ಹೇಳಿದೆ.

ಹದಿನೇಳು ದಿನದ ಮೇಲೆ ಗೊಂಪೊನ ದನಿ ನಿಂತಿತು. ಕರೆ ಮಾಡಿದರೆ ಆ ನಂಬರೇ ಇಲ್ಲ. ತಿಂಗಳ ನಂತರ ನೇಪಾಳದಲ್ಲಿದ್ದ ದೂರದ ನೆಂಟರಿಂದ ಸುದ್ದಿ ಬಂತು. ಪೊಲೀಸರು ನೇರವಾಗಿ ಹಿಂದಿನ ಕೋಣೆಗೇ ನುಗ್ಗಿದರಂತೆ. ಮಕ್ಕಳು ಎಷ್ಟು ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ಒಂಬತ್ತು ಮಕ್ಕಳು ಸಿಕ್ಕಾಗ, “ಇನ್ನಿಬ್ಬರು ಎಲ್ಲಿ?” ಎಂದು ಕೇಳಿದರಂತೆ. ಗೊಂಪೊಗೆ ಮೂರು ವರ್ಷ ಸೆರೆ.

ಯಾಂಗ್‌ಚೆನ್ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೊದಲ ಸಂಶಯ ಅವನ ಮೇಲೆಯೇ ಬಿತ್ತು.

ಅದೇ ಸಮಯಕ್ಕೆ ಫೋನಿನ ಸುರಕ್ಷತೆ ಕಲಿಸಲು ಜಿಗ್ಮೆ ಎಂಬ ಪರಿಣತ ದೆಹಲಿಯಿಂದ ಕ್ಯಾಂಪಿಗೆ ಬಂದ. ನನಗೊಂದು ತಂತಿ ಚುಚ್ಚಿ ಅರ್ಧ ದಿನ ನೋಡಿದ. ಆಮೇಲೆ ಬೆವರು ಒರೆಸಿಕೊಂಡು, “ಇದರೊಳಗೆ ಬೇಹುಗಾರಿಕೆಯ ತಂತ್ರಾಂಶ ಇದೆ. ಮೈಕು ಇಡೀ ದಿನ ತೆರೆದೇ ಇರುತ್ತಿತ್ತು,” ಎಂದ. ಹೇಗೆ ಬಂತೆಂದು ಕೇಳಿದರೆ, “ಈಗಲೇ ಹೇಳಲಾರೆ. ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಬೇಕು,” ಎಂದ.

ಅಷ್ಟು ಕಾಯುವ ತಾಳ್ಮೆ ಯಾರಿಗಿತ್ತು? ನೆರೆದಿದ್ದ ಕ್ಯಾಂಪಿನವರಲ್ಲಿ ಯಾರೋ ಕೇಳಿದರು: “ಫೋನ್ ಎಲ್ಲಿ ತೆಗೆದುಕೊಂಡೆ?”

“ಇರ್ಫಾನನ ಅಂಗಡಿಯಲ್ಲಿ. ಹಳೇದು.”

ಅಷ್ಟಕ್ಕೇ ತೀರ್ಪಾಯಿತು.

ಯಾಂಗ್‌ಚೆನ್ ಠಾಣೆಗೆ ಹೋಗಿ ದೂರಿಗೆ ಸಹಿ ಹಾಕಿದಳು. ನಾನು ಅವಳ ಚೀಲದಲ್ಲಿದ್ದೆ. ಇನ್ಸ್‌ಪೆಕ್ಟರ್ ಕೆಟ್ಟವನೇನಲ್ಲ. ದಣಿದಿದ್ದ. ಜಿಗ್ಮೆ ಅವನಿಗೆ, ಇದು ದೊಡ್ಡ ದೇಶಗಳು ಕೊಳ್ಳುವ ತಂತ್ರಾಂಶ, ರಿಪೇರಿ ಅಂಗಡಿಯವನಿಗೆ ಸಿಗುವಂಥದ್ದಲ್ಲ ಎಂದು ತಿಳಿಸಿ ಹೇಳಿದ.

“ಖರೇ ಇರಬಹುದು ಸಾಹೇಬ್ರ. ಆದ್ರ ಆ ದೇಶದವರನ್ನ ಠಾಣೆಗೆ ಕರೆಸಾಕ ನನಗ ಬರ್ತದೇನ್ರಿ? ನನ್ನ ಕೈಗೆ ಸಿಗೋವ ಇವನೊಬ್ಬ. ಇವನನ್ನ ಕೇಳ್ತೀನಿ,” ಎಂದ ಇನ್ಸ್‌ಪೆಕ್ಟರ್.

ಇರ್ಫಾನನನ್ನು ಕರೆತಂದರು. ಮೂರು ದಿನ ಬೆಳಗ್ಗೆ ಬರಹೇಳಿ ಸಂಜೆ ಬಿಟ್ಟರು. ಅಂಗಡಿಯಲ್ಲಿದ್ದ ನಲವತ್ತು ಫೋನುಗಳನ್ನು ಗೋಣಿಚೀಲದಲ್ಲಿ ತುಂಬಿ ತಂದರು. ಯಾವುದೋ ಚಾನೆಲ್ಲಿನವನು ಮುಚ್ಚಿದ ಬಾಗಿಲಿನ ಮುಂದೆ ನಿಂತು, ‘ಮೊಬೈಲ್ ಅಂಗಡಿಯಲ್ಲಿ ಗೂಢಚಾರ?’ ಎಂದು ಕೂಗಿದ. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸುಳ್ಳೂ ಸುದ್ದಿಯಾಗುತ್ತದೆ ಎಂಬುದನ್ನು ನಾನು ಕಲಿತದ್ದು ಆವತ್ತು. ಇರ್ಫಾನನ ವಿರುದ್ಧ ಏನೂ ಸಿಗಲಿಲ್ಲ, ಮೊಕದ್ದಮೆಯೂ ಆಗಲಿಲ್ಲ. ಆದರೆ ಕ್ಯಾಂಪಿನವರು ಆ ಅಂಗಡಿ ಬಿಟ್ಟರು, ಆಮೇಲೆ ಪೇಟೆಯವರೂ ಬಿಟ್ಟರು. ಫೋನ್ ಕೊಡುವುದೆಂದರೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಒಮ್ಮೆ ಸಂಶಯ ಬಂದವನಿಗೆ ಬೀಗದ ಕೈ ಯಾರು ಕೊಡುತ್ತಾರೆ?

ನನ್ನನ್ನು ಜಿಗ್ಮೆ ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದ. ತಣ್ಣನೆಯ ಕೋಣೆಯಲ್ಲಿ ಏಳು ತಿಂಗಳು ಇದ್ದೆ. ಪಕ್ಕದಲ್ಲಿ ನನ್ನಂಥವೇ ಹಲವು, ಬೇರೆ ಬೇರೆ ದೇಶಗಳಿಂದ ಬಂದವು. ಒಂದು ವಕೀಲನದು, ಒಂದು ಪತ್ರಕರ್ತೆಯದು. ನನಗೆ ಅಲ್ಲಿ ‘ಸಾಧನ ಹದಿನಾಲ್ಕು’ ಎಂದು ಹೆಸರು.

ವರದಿ ಹೊರಬಂತು. ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂದೇಶದ ಮೂಲಕ ಕಳ್ಳ ಒಳಬಂದ ಎಂದು ನಿಮಿಷದ ಲೆಕ್ಕದಲ್ಲಿ ಬರೆದಿದ್ದರು. ಮಾರಿದ ಅಂಗಡಿಗೆ ಸಂಬಂಧವಿಲ್ಲ ಎಂದೂ ಇತ್ತು. ತಂತ್ರಾಂಶ ಮಾಡಿದ ಕಂಪನಿ, “ನಾವು ಭಯೋತ್ಪಾದಕರನ್ನು ಹಿಡಿಯಲು ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ,” ಎಂದಿತು. ಯಾವ ಸರ್ಕಾರಕ್ಕೆ ಎಂದು ಕೇಳಿದರೆ, ಅದು ಗ್ರಾಹಕರ ಖಾಸಗಿತನ, ಹೇಳಲಾಗದು ಎಂದಿತು. ನಾನು ಕೇಳಿದ ಮಾತುಗಳಲ್ಲೆಲ್ಲ ನನಗೆ ನಗು ಬರಬೇಕಾಗಿದ್ದದ್ದು ಇದೊಂದಕ್ಕೆ. ಒಂದು ದೇಶ ಕಳವಳ ವ್ಯಕ್ತಪಡಿಸಿತು, ಇನ್ನೊಂದು ಆಧಾರವಿಲ್ಲದ ಆರೋಪ ಎಂದಿತು. ನಾಲ್ಕನೇ ದಿನ ಪತ್ರಿಕೆಗಳಿಗೆ ಬೇರೆ ಸುದ್ದಿ ಸಿಕ್ಕಿತು.

ನನ್ನನ್ನು ಒರೆಸಿ, ಕಳ್ಳನನ್ನು ಕಿತ್ತುಹಾಕಿ, ಯಾಂಗ್‌ಚೆನ್‌ಗೆ ವಾಪಸು ಕಳಿಸಿದರು. ಅವಳು ವರದಿಯ ಆ ಪುಟವನ್ನು ಶಾಲೆಯ ಮೇಷ್ಟ್ರಿಂದ ಕನ್ನಡಕ್ಕೆ ಬರೆಸಿಕೊಂಡಳು. ಇರ್ಫಾನನ ಅಂಗಡಿ ಇದ್ದಲ್ಲಿ ಅಷ್ಟೊತ್ತಿಗೆ ಬೇಕರಿ ಬಂದಿತ್ತು. ಅವನು ಮಡಗಾಂವ್‌ನಲ್ಲಿ ಬೇರೆಯವರ ಅಂಗಡಿಯಲ್ಲಿ ಕೂಲಿಗಿದ್ದಾನೆ ಎಂದು ತಿಳಿದು ಬಸ್ಸು ಹತ್ತಿದಳು. ನಾನೂ ಅವಳ ಚೀಲದಲ್ಲಿ ಹೋದೆ.

ಅವನು ನಾಲಿಗೆ ಕಚ್ಚಿಕೊಂಡು ಯಾರದೋ ಫೋನಿಗೆ ಬೆಸುಗೆ ಹಾಕುತ್ತಿದ್ದ. ಅವಳನ್ನು ನೋಡಿ ಎದ್ದು ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ.

“ತಪ್ಪಾತು ಇರ್ಫಾನ್. ಸಹಿ ಹಾಕಿದಾಕಿ ನಾನ,” ಎಂದಳು.

“ನಿಮ್ಮಣ್ಣಂದು ಕೇಳಿ ನನಗೂ ಭಾಳ ಕೆಟ್ಟ ಅನಿಸ್ತು ಅಕ್ಕಾರ. ಆದ್ರ ನನ್ನ ಮ್ಯಾಲ ಸಂಶಯ ಬರಾಕ ನಿಮಗ ಒಂದು ತಾಸೂ ಹಿಡೀಲಿಲ್ಲಲ್ಲ.”

ಅವಳು ಕನ್ನಡದಲ್ಲಿ ಬರೆಸಿದ ಹಾಳೆಯನ್ನು ಮುಂದೆ ಹಿಡಿದಳು. “ಇದರಾಗ ಎಲ್ಲಾ ಐತಿ. ನಿಂದೇನೂ ತಪ್ಪಿಲ್ಲ ಅಂತ.”

ಇರ್ಫಾನ್ ಹಾಳೆ ಮುಟ್ಟಲಿಲ್ಲ. “ಇದನ್ನ ನನಗ್ಯಾಕ ತೋರಸ್ತೀರಿ? ನನಗ ಗೊತ್ತ ಇತ್ತಲ್ಲ. ಊರಾಗ ಓದಿ ಹೇಳ್ರಿ.”

ಅವಳು ಊರಲ್ಲಿ ಓದಿ ಹೇಳಿದಳು. ಕ್ಯಾಂಪಿನ ಸಭೆಯಲ್ಲಿ ಒಮ್ಮೆ, ಸಂತೆಯ ದಿನ ಪೇಟೆಯಲ್ಲಿ ಒಮ್ಮೆ. ಜನ ತಲೆಯಾಡಿಸಿದರು. “ಪಾಪ, ಚಲೋ ಮನಶ್ಯಾ ಇದ್ದ,” ಎಂದರು. ಸತ್ತವರ ಬಗ್ಗೆ ಮಾತಾಡಿದ ಹಾಗಿತ್ತು. ಇರ್ಫಾನ್ ತಿರುಗಿ ಬರಲಿಲ್ಲ.

ಗೊಂಪೊನ ಸೆರೆಯ ಮೂರು ವರ್ಷ ಕಳೆದು ಆರು ತಿಂಗಳಾದ ಮೇಲೆ, ಯಾತ್ರೆಗೆಂದು ನೇಪಾಳಕ್ಕೆ ಹೋಗಿದ್ದ ಒಬ್ಬ ಮುದಿ ಸನ್ಯಾಸಿನಿ ಕ್ಯಾಂಪಿಗೆ ಬಂದಳು. ಗಡಿಯಾಚೆಯಿಂದ ಬಂದ ವ್ಯಾಪಾರಿಯೊಬ್ಬ ಅವಳ ಬಳಿ ಗೊಂಪೊನ ಮಾತು ಹೇಳಿ ಕಳಿಸಿದ್ದ. ಯಾಂಗ್‌ಚೆನ್ ಅವಳಿಗೆ ಚಹಾ ಕೊಡುವುದನ್ನೂ ಮರೆತು ಎದುರು ಕೂತಳು.

“ಬಿಡುಗಡೆಯಾಗಿದ್ದಾನೆ. ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ಉಳಿದಂತೆ ಇದ್ದಾನೆ.”

“ಅಮ್ಮ?”

“ಅವನು ಒಳಗಿದ್ದಾಗ ಹೋದಳು. ಎರಡನೇ ಚಳಿಗಾಲದಲ್ಲಿ.”

ಯಾಂಗ್‌ಚೆನ್ ಅಳಲಿಲ್ಲ. ಎದ್ದು, ಮರೆತಿದ್ದ ಚಹಾ ಬಗ್ಗಿಸಿ ತಂದಿಟ್ಟು, “ನನಗೆ ಏನು ಹೇಳಿದ?” ಎಂದು ಕೇಳಿದಳು.

ಸನ್ಯಾಸಿನಿ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕಣ್ಣು ಮುಚ್ಚಿ ಒಪ್ಪಿಸಿದಳು: “ಅಲ್ಲಿಯವಳಿಗೆ ಹೇಳು. ನನಗೆ ಸಿಟ್ಟಿಲ್ಲ. ಆದರೆ ಫೋನ್ ಮಾಡುವುದು ಬೇಡ, ಯಾರ ಕೈಯಲ್ಲೂ ಹುಡುಕಿಸುವುದು ಬೇಡ. ಅವಳು ಸುಮ್ಮನಿದ್ದರೆ ನಾವು ಇಲ್ಲಿ ಕ್ಷೇಮ.”

ತಂಗಿ ಎಂದಿರಲಿಲ್ಲ. ಹೆಸರು ಹಿಡಿದಿರಲಿಲ್ಲ. ಅಲ್ಲಿಯವಳು ಎಂದಿದ್ದ.

ಮರುವಾರ ಯಾಂಗ್‌ಚೆನ್ ಹುಬ್ಬಳ್ಳಿಗೆ ಹೋದಾಗ ನನ್ನನ್ನು ಹಳೆ ಎಲೆಕ್ಟ್ರಾನಿಕ್ ಸಾಮಾನು ಹಾಕುವ ಪೆಟ್ಟಿಗೆಯಲ್ಲಿ ಹಾಕಿದಳು. ಹಾಕುವ ಮೊದಲು ಒಮ್ಮೆ ಸೊಂಟದ ಮುಂದೆ ಕಟ್ಟಿಕೊಂಡಿದ್ದ ಪಟ್ಟೆಪಟ್ಟೆ ಬಟ್ಟೆಯ ಅಂಚಿನಿಂದ ಗಾಜು ಒರೆಸಿದಳು. ಯಾಕೆ ಒರೆಸಿದಳೋ ನನಗೆ ಈಗಲೂ ತಿಳಿದಿಲ್ಲ.

ಈಗ ಗುಜರಿಯ ಶೆಡ್ಡಿನಲ್ಲಿ, ಸತ್ತ ರಿಮೋಟುಗಳ, ತುಂಡಾದ ಚಾರ್ಜರುಗಳ ರಾಶಿಯ ಮೇಲೆ ಬಿದ್ದಿದ್ದೇನೆ. ಇಲ್ಲಿಯ ಕೆಲಸದವನು ಸಾಲಾಗಿ ಒಡೆಯುತ್ತಾ ಬರುತ್ತಿದ್ದಾನೆ. ಗಾಜು ಒಂದು ಕಡೆಗೆ, ತಾಮ್ರ ಒಂದು ಕಡೆಗೆ. ನನ್ನ ಸರದಿಗೆ ಇನ್ನು ಹೆಚ್ಚು ಹೊತ್ತಿಲ್ಲ.

ಗೊಂಪೊ ಸೆರೆ ಅನುಭವಿಸಿದ. ಇರ್ಫಾನ್ ಊರು ಬಿಟ್ಟ. ಯಾಂಗ್‌ಚೆನ್ ಬಾಯಿ ಮುಚ್ಚಿಕೊಂಡಳು. ಸಂದೇಶ ಕಳಿಸಿದವನು ಎಲ್ಲಿದ್ದಾನೋ, ಬಹುಶಃ ಅವನಿಗೆ ಬಡ್ತಿ ಸಿಕ್ಕಿರಬಹುದು. ಅವನಿಗೆ ಇವರ ಮುಖ ಗೊತ್ತಿಲ್ಲ, ಇವರಿಗೆ ಅವನ ಹೆಸರು ಗೊತ್ತಿಲ್ಲ. ನಾನು ಎರಡೂ ಕಡೆ ಇದ್ದೆ, ನನ್ನನ್ನು ಮಾತ್ರ ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಸುತ್ತಿಗೆ ಹತ್ತಿರ ಬಂತು. ನನಗೆ ಹೆದರಿಕೆಯಿಲ್ಲ, ಬೇಸರ ಒಂದೇ. ನನ್ನನ್ನು ಒಡೆದರೆ ನಾನು ಮಾತ್ರ ಒಡೆಯುತ್ತೇನೆ. ಕಿಟಕಿ ಮುಚ್ಚಿ ಬಂದು ಅವಳು ಗಂಡನಿಗೆ ಪಿಸುಗುಟ್ಟಿದ ಆ ಮಾತು ಯಾವುದೋ ದೇಶದ ತಣ್ಣನೆಯ ಯಂತ್ರದೊಳಗೆ, ದಿನಾಂಕ ಸಮೇತ, ಒಂದಿಷ್ಟೂ ಹಾಳಾಗದೆ ಹಾಗೇ ಇದೆ.