ಪಿನ್ನು ಹೊಡೆದ ಪಾಠ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಬಂದ ಮೊದಲ ಖಾಲಿ ಬೆಳಗು ಅದು. ಅವಳು ಪಾಠ ಮಾಡಲು ಶಾಲೆಗೆ ಹೊರಟಳು.

"ಇನ್ನೊಂದು ವಾರ ಮನೇಲಿರಬಾರದೇನಮ್ಮಾ? ಜನ ಬಾಯಿಗೆ ಬಂದ ಹಾಗೆ ಆಡ್ಕೋತಾರೆ," ಎಂದರು ಅತ್ತೆ.

"ಆಡ್ಕೊಳ್ಳಲಿ ಅತ್ತೆ. ಬಾಯಿ ಅವರದು."

ಶಾಲೆಯ ವ್ಯಾನು ಓಡಿಸುತ್ತಿದ್ದ ಗಂಡ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಅವಳಿಗೆ ಅಳು ಬಂದಿರಲಿಲ್ಲ. ಕಾಲಿಗೆ ಜೋಮು ಹಿಡಿಯುವಂತೆ ಒಳಗೆಲ್ಲ ಹಿಡಿದಿತ್ತು. ಅವಳದು ಅಂತ ಉಳಿದಿದ್ದು ಮೂರನೇ ತರಗತಿಯೊಂದೇ.

ಅಲ್ಲಿ ಮಕ್ಕಳು ಎಂದೂ ಇಲ್ಲದ ಶಿಸ್ತಿನಲ್ಲಿ ಕೂತಿದ್ದವು. ಓದುಪುಸ್ತಕ ತೆರೆದರೆ ಆರನೇ ಪಾಠದ ಹಾಳೆಗಳಿಗೆ ಸುತ್ತಲೂ ಸ್ಟೇಪ್ಲರ್ ಪಿನ್ನು. ತೀರಿಕೊಂಡ ಅಜ್ಜನನ್ನು ಮೊಮ್ಮಗಳು ನೆನೆಯುವ ಕಥೆ ಅದು. ಮೂವತ್ತೊಂದು ಪುಸ್ತಕಕ್ಕೂ ಹಾಗೇ. ಅವಳಿಗೆ ನೋವಾಗದಿರಲೆಂದು ಮುಖ್ಯೋಪಾಧ್ಯಾಯಿನಿ ದೊಡ್ಡಮೇಡಂ ತಾವೇ ಕೂತು ಹೊಡೆದಿದ್ದರಂತೆ.

"ಏಳನೇ ಪಾಠಕ್ಕೆ ಹೋಗಿ," ಬಾಗಿಲಲ್ಲಿ ನಿಂತು ಅವರು ಮೆತ್ತಗೆ ಹೇಳಿದರು. "ಹಟ ಮಾಡಿದ್ರೆ ಈ ತರಗತಿ ಬೇರೆಯವರಿಗೆ ಕೊಡಬೇಕಾಗುತ್ತೆ."

ಅವರ ಚಪ್ಪಲಿ ಸದ್ದು ದೂರವಾಯಿತು. ಆಮೇಲೆ ಅವಳು ಪುಸ್ತಕ ಎತ್ತಿ ಹಿಡಿದಳು.

"ಒಳಗೆ ಏನಿರಬಹುದು? ಊಹಿಸಿ."

"ದೆವ್ವ!"

"ಪರೀಕ್ಷೆ ಉತ್ತರ!"

"ಕೆಟ್ಟ ಬೈಗುಳ ಮಿಸ್! ಒಂದೇ ಒಂದು ಓದಿ!"

ತರಗತಿ ಗೊಳ್ಳೆಂದಿತು. ಎಲ್ಲರೂ ವಟವಟಿ ಎಂದು ಕರೆಯುವ ಹುಡುಗಿ ಮಾತ್ರ ನಗಲಿಲ್ಲ.

"ಯಾರೋ ಸತ್ತೋಗಿದಾರೆ. ಅದಕ್ಕೇ ಮುಚ್ಚಿದಾರೆ. ನಮ್ಮನೇಲೂ ಕೇಳಬಾರದು ಅಂದಿದಾರೆ."

"ಏನು ಕೇಳಬಾರದು?"

"ನನ್ನ ಸ್ಕಿಪ್ಪಿಂಗ್ ಹಗ್ಗ. ವ್ಯಾನ್ ಮೇಲೆ ಬ್ಯಾಗು ಕಟ್ಟೋಕೆ ವ್ಯಾನ್ ಮಾಮ ತಗೊಂಡ್ರು. ನಾಳೆ ಕೊಡ್ತೀನಿ ಅಂದ್ರು. ಈಗ ಕೇಳಿದ್ರೆ ಮಿಸ್‌ಗೆ ಬೇಜಾರಾಗುತ್ತೆ ಅಂತ ಅಮ್ಮ..."

ಮಕ್ಕಳೆಲ್ಲ ಮಿಸ್‌ನತ್ತ ತಿರುಗಿದವು. ಅವಳು ಕಪ್ಪುಹಲಗೆಯ ಮೇಲೆ ದಪ್ಪಗೆ ಬರೆದಳು: ಸತ್ತವರ ಬಗ್ಗೆ ಏನೇನು ಕೇಳಬಹುದು?

"ಇವತ್ತಿನ ಕಥೆ ಇದರದ್ದೇ. ಪಿನ್ನು ಕೀಳಿ. ಉಗುರು ಹುಷಾರು."

ಚಟಪಟ ಸದ್ದಿಗೆ ದೊಡ್ಡಮೇಡಂ ಓಡಿ ಬಂದರು. "ನಾನು ಹೇಳಿದ್ದೇನು?"

"ತರಗತಿ ಬೇರೆಯವರಿಗೆ ಕೊಡ್ತೀನಿ ಅಂದ್ರಿ. ಕೊಡಿ ಮೇಡಂ. ಕಥೆ ಮುಗಿಸಿಯೇ ನಾವು ಏಳೋದು."

"ನಿಮ್ಮ ಒಳ್ಳೇದಕ್ಕೇ ಕಣಮ್ಮಾ ಮಾಡಿದ್ದು."

"ಗೊತ್ತು. ಆದ್ರೆ ನನ್ನ ಕಂಡ್ರೇ ಈ ಮಕ್ಕಳಿಗೆ ಭಯ ಆಗೋ ಹಾಗೆ ಮಾಡಿಬಿಟ್ರಿ."

ಅವಳು ಓದತೊಡಗಿದಳು. ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹೌದು, ನಿದ್ದೆಯಲ್ಲಿ. ಇಲ್ಲ, ನೋವಾಗಿರಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ಹೌದು, ಗೊರಕೆ ಹೊಡೀತಿದ್ರು, ವ್ಯಾನಿಗಿಂತ ಜೋರು.

ಬೆಲ್ಲಾಯಿತು. ಬಾಗಿಲಲ್ಲೇ ನಿಂತು ಕೇಳುತ್ತಿದ್ದ ದೊಡ್ಡಮೇಡಂ, "ನಾಳೆ ಏಳನೇ ಪಾಠ. ನೀವೇ ಮಾಡಿ," ಎಂದು ಮುಖ ತಿರುಗಿಸಿ ಹೋದರು.

ಬಿಡುವಿನಲ್ಲಿ ಅವಳು ಸೀರೆ ಸಿಕ್ಕಿಸಿಕೊಂಡು ವ್ಯಾನಿನ ಏಣಿ ಹತ್ತಿ, ಮೇಲೆ ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದಳು.

"ಸಂಜೆ ಬ್ಯಾಗು ಉರುಳ್ತವಲ್ಲಕ್ಕಾ!" ಎಂದ ಹೊಸ ಚಾಲಕ.

"ಬೇರೆ ಹಗ್ಗ ಹುಡುಕ್ಕೊಳ್ಳಿ."

ಗಂಟು ಗಂಡನ ಕೈಯದು, ಕಲ್ಲಿನಷ್ಟು ಬಿಗಿ. ಚಾಲಕ ಚಾಕು ಚಾಚಿದ. ಬೇಡವೆಂದು ತಲೆಯಾಡಿಸಿ, ಬಗ್ಗಿ, ಹಲ್ಲಿನಿಂದ ಎಳೆದೆಳೆದು ಬಿಚ್ಚಿದಳು.

ಕೆಳಗೆ ವಟವಟಿ ಕೈ ಚಾಚಿ ನಿಂತಿದ್ದಳು.

"ತಗೋ," ಎಂದು ಅವಳು ಹಗ್ಗ ಕೊಟ್ಟಳು. "ತಡವಾಯ್ತು."