ಮೂರಕ್ಕೆ ಹೋಗದ ಲಕ್ಷ

ಕಾರ್ತಿಕದಲ್ಲಿ ಈಶ್ವರನ ಮುಂದೆ ಲಕ್ಷ ಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದ ತಾಯಿ, ಒಂದನ್ನೂ ಹೊಸೆಯದೆ ಕಣ್ಣು ಮುಚ್ಚಿದಳು. ಮೂವರು ಹೆಣ್ಣುಮಕ್ಕಳೂ ಸಮ ಹೊಸೆಯಬೇಕು, ಪುಣ್ಯದಲ್ಲಿ ಹೆಚ್ಚುಕಡಿಮೆ ಬೇಡ ಎಂಬುದು ಅವಳ ಕೊನೆಯ ಮಾತು. ತೆಲಂಗಾಣ ಬಂದ ವರ್ಷವದು. ಊರಿಗೆ ಊರೇ ರಾಜ್ಯ ಭಾಗವಾದ ಮಾತಾಡುತ್ತಿದ್ದಾಗ, ನಾರಾಯಣಪೇಟೆಯಲ್ಲಿ ಹಿರಿಯಳಾದ ಸಂಗಮ್ಮನ ಪಡಸಾಲೆಯಲ್ಲಿ ಹತ್ತಿಯ ಗಂಟು ಬಿಚ್ಚಿಕೊಂಡು ಇವರೂ ಭಾಗಕ್ಕೆ ಕುಳಿತರು.

ನಡುವಿನವಳು ಉಮಾಶ್ರೀ, ಗದ್ವಾಲದ ಶಾಲೆಯಲ್ಲಿ ಲೆಕ್ಕದ ಟೀಚರು. "ಒಬ್ಬೊಬ್ಬರಿಗೆ ಮೂವತ್ತಮೂರು ಸಾವಿರದ ಮುನ್ನೂರಾ ಮೂವತ್ತಮೂರು. ಒಂದು ಉಳಿತೈತಿ" ಎಂದಳು.

"ಅಷ್ಟು ದೊಡ್ಡ ಲೆಕ್ಕದಾಗ ಒಂದು ಯಾಕ ಉಳಿಬೇಕು?" ಎಂದು ಸಂಗಮ್ಮ ಕೇಳಿದಳು.

"ಲಕ್ಷ ಅಂದ್ರ ಬರೇ ಎರಡು, ಐದು ಗುಣಿಸಿ ಗುಣಿಸಿ ಕಟ್ಟಿದ್ದು ಅಕ್ಕ. ಅದರಾಗ ಮೂರಕ್ಕ ಜಾಗ ಇಲ್ಲ. ಇನ್ನ ಎಷ್ಟು ಸೊನ್ನಿ ಹಚ್ಚಿ ಕೋಟಿ ಮಾಡಿದ್ರೂ ಒಂದು ಉಳದ ಉಳಿತೈತಿ."

ಮಕ್ತಲ್‌ಗೆ ಕೊಟ್ಟಿದ್ದ ಕಿರಿಯಳು ವಿಜಯಶ್ರೀ ನಕ್ಕಳು. "ಹುಟ್ಟಿದಾಗಿಂದ ನಿಮ್ಮಿಬ್ಬರದು ಉಳಿದ ಲಂಗ, ಉಳಿದ ಬಳಿ ಎಲ್ಲಾ ನನಗ ಬಂದಾವ. ಇದೂ ನನಗ ಕೊಡ್ರಿ."

"ಹಿರೇ ಮಗಳು ನಾನು. ಕಡೀ ಬತ್ತಿ ನಂದು" ಎಂದಳು ಸಂಗಮ್ಮ.

ಚಿಟಿಕೆ ಹತ್ತಿಗಾಗಿ ಮಾತಿಗೆ ಮಾತು ಬೆಳೆಯಿತು. ವಿಜಯಶ್ರೀ ತನ್ನ ಪಾಲನ್ನು ಎತ್ತಿಕೊಂಡು, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದಳು. ಅವಳೇ ತಾನಾಗಿ ಫೋನು ಮಾಡಲಿ ಎಂದು ಸಂಗಮ್ಮ ಬಿಗಿದುಕೊಂಡೇ ಇದ್ದಳು. ಭಾದ್ರಪದದಲ್ಲಿ ವಿಜಯಶ್ರೀಗೆ ಡೆಂಗಿ ಜ್ವರ ಬಂತು. ರಾಯಚೂರಿಗೆ ಒಯ್ಯುವಷ್ಟರಲ್ಲಿ ತಂಗಿಯ ಜೀವ ಹೋಗಿತ್ತು.

ಕಾರ್ತಿಕ ಸೋಮವಾರ ಅವಳ ಗಂಡ ಕಾಂತೇಶ ಒಂದು ಚೀಲವನ್ನು ಗುಡಿಗೆ ತಂದು ಕೊಟ್ಟ. ಜ್ವರ ಬಂದು ಮಲಗುವ ಮೊದಲೇ ವಿಜಯಶ್ರೀ ತನ್ನ ಪಾಲನ್ನೆಲ್ಲ ಹೊಸೆದು ಮುಗಿಸಿದ್ದಳು. ಮೂರು ಗುಡ್ಡೆ ಸಿದ್ಧವಾದವು. ತಟ್ಟೆಯಲ್ಲಿ ಚಿಟಿಕೆ ಹತ್ತಿ ಉಳಿಯಿತು.

"ಇಬ್ಬರ ಇದ್ದಿದ್ರ ಜಗಳ ಆಗತಿರಲಿಲ್ಲ" ಎಂದು ಉಮಾಶ್ರೀ ತನ್ನಷ್ಟಕ್ಕೆ ಅಂದಳು. "ಐವತ್ತು ಐವತ್ತು ಸಾವಿರ. ಏನೂ ಉಳಿಯಂಗಿಲ್ಲ."

ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡಕ್ಕೆ ಇಷ್ಟು ಸಲೀಸಾಗಿ ಹೋಗುವ ಲಕ್ಷದ ಮೇಲೆ ಸಂಗಮ್ಮನಿಗೆ ಸಿಟ್ಟು ಬಂತು. ಅಂದೇ ಆ ಹುಡುಗಿಗೆ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಅತ್ತಳು.

"ಹೊಸಿ ಅಕ್ಕ. ಕಡೀದು ನಿಂದ ಅಲ್ಲಾ" ಎಂದಳು ಉಮಾಶ್ರೀ.

ಸಂಗಮ್ಮ ಹತ್ತಿ ಮುಟ್ಟಲಿಲ್ಲ. "ಇದೊಂದು ಬಿಟ್ಟರ, ಉಳಿದದ್ದು ಮೂರು ಮಂದಿಗೆ ಸಮ ಹೋಗ್ತೈತೇನು?"

"ಹೋಗ್ತೈತಿ. ಆದ್ರ ಅವ್ವನ ಲಕ್ಷ ಆಗಂಗಿಲ್ಲ."

"ಆಗೋದು ಬ್ಯಾಡ."

ಅವಳು ಆ ಹತ್ತಿಯನ್ನು ಹೊಸೆಯದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮೂರು ಗುಡ್ಡೆಗೂ ತುಪ್ಪ ಹೊಯ್ದು, ಮೊದಲು ಕಿರಿಯಳದಕ್ಕೆ ಬೆಂಕಿ ಹಚ್ಚಿದಳು.