ಭಾವನ ಎದುರಿನ ರಸ್ತೆ

ಸೈಕಲ್ಲಿನಲ್ಲಿ ಹತ್ತು ಮೈಲಿಯೂ ಹೋಗದವರು ಈ ಕಥೆ ಹೇಳಲು ಹೊರಡಬಾರದು. ಆದರೂ ಬಿಡಲಾಗುತ್ತಿಲ್ಲ. ಎಡವಿದ್ದರೆ ಕಮ್ಶಾತ್ ಮನ್ನಿಸಬೇಕು.

ಅವಳು ಬ್ರೇಕ್ ಹಿಡಿದು ಒಂದು ಕಾಲನ್ನು ನೆಲಕ್ಕೂರಿದಳು. ರಸ್ತೆ ಖಾಲಿ ಇತ್ತು. ಬಲಕ್ಕೆ ಕ್ಯಾಸ್ಪಿಯನ್ ಸಮುದ್ರ, ಎಡಕ್ಕೆ ಉಪ್ಪುಗಟ್ಟಿದ ಬಯಲು. ಎಡಬದಿಯ ಅಂಚಿನಲ್ಲಿ ಮಡಚುವ ಸ್ಟೂಲು ಹಾಕಿಕೊಂಡು, ರಸ್ತೆಗೆ ಮುಖ ಮಾಡಿ ಅವಳ ಗಂಡನ ಅಣ್ಣ ಕುಳಿತಿದ್ದ. ಕೈಯಲ್ಲಿ ಚಹಾದ ಬಟ್ಟಲು, ಬೆನ್ನ ಹಿಂದೆ ಬಿಳಿ ಕಾರು. ಹಿರಿಯ ಭಾವನ ಹೆಸರನ್ನು ಅವಳು ಬಾಯಲ್ಲಿ ಹೇಳುವಂತಿಲ್ಲ. ನಾವು ಹೇಳಬಹುದು: ಮೆಂದಿಬಾಯ್.

ರಸ್ತೆಯನ್ನು ಅವನು ಅಡ್ಡಗಟ್ಟಿರಲಿಲ್ಲ. ಅಡ್ಡಗಟ್ಟುವ ಅಗತ್ಯವೂ ಇರಲಿಲ್ಲ. ಸೊಸೆಯಾಗಿ ಬಂದವಳು ಹಿರಿಯರ ಮುಖದ ಎದುರಿನಿಂದ ದಾಟುವುದಿಲ್ಲ. ಅವರು ಎದ್ದು ಹೋಗುವವರೆಗೆ ಕಾಯುತ್ತಾಳೆ, ಇಲ್ಲವಾದರೆ ಬೆನ್ನ ಹಿಂದಿನಿಂದ ಹೋಗುತ್ತಾಳೆ. ಇಪ್ಪತ್ತಮೂರು ವರ್ಷ ಕಮ್ಶಾತ್ ಒಂದು ಸಲವೂ ಇದನ್ನು ಮುರಿದವಳಲ್ಲ. ಆ ಧೈರ್ಯದ ಮೇಲೆಯೇ ಮೆಂದಿಬಾಯ್ ಸ್ಟೂಲು ಹಾಕಿದ್ದ.

ಅವಳು ತಲೆ ಬಾಗಿಸಿ ವಂದಿಸಿದಳು. ಅವನು ಬಟ್ಟಲಿನೊಳಗೆ ನೋಡುತ್ತ ಹೇಳಿದ, "ಡಿಕ್ಕಿ ತೆಗೆದಿಟ್ಟಿದೀನಿ. ಸೈಕಲ್ ಹಾಕು, ಬಾಮ್ಮ. ನಿನ್ನ ಓರಗಿತ್ತಿ ಅಡಿಗೆ ಮಾಡಿಟ್ಕೊಂಡು ಕಾಯ್ತಾ ಇದಾಳೆ."

"ಬರಲ್ಲ ಭಾವ."

"ನಲವತ್ತಾರು ವರ್ಷದ ವಿಧವೆ, ಪ್ಯಾಂಟು ಹಾಕ್ಕೊಂಡು ಹೀಗೆ ತುಳೀತಿದ್ರೆ ಒಂಟೆಗಳೂ ನಗ್ತಾವೆ."

"ನಗ್ಲಿ ಬಿಡಿ. ಪಾಪ, ಅವಕ್ಕೂ ಬೇರೇನು ಕೆಲಸ."

ಬೆಳಗಿನ ಜಾವ ಬಾವುತಿನೊ ಬಂದರಿನಿಂದ ಹೊರಟಿದ್ದಳು. ಸೂರ್ಯ ಮುಳುಗುವುದರೊಳಗೆ ನೂರ ನಲವತ್ತು ಕಿಲೋಮೀಟರ್ ತುಳಿದು ಅಕ್ತಾವು ಸೇರಬೇಕು. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕವಾಟ ತಿರುಗಿಸಿದ ಕೈ ಅವಳದು. ಹಡಗಿಗಾಗಿ ದಿನಗಟ್ಟಲೆ ಕಾಯುವ ಪರದೇಶದ ಸೈಕಲ್ ಯಾತ್ರಿಕರು ಕಾರ್ಖಾನೆಯ ಗೋಡೆಯಾಚೆ ಡೇರೆ ಹಾಕುತ್ತಿದ್ದರು. ಅವರಿಗೆ ನೀರು ಕೊಟ್ಟೂ ಕೊಟ್ಟೂ ಅವಳು ಸೈಕಲ್ ಕಲಿತದ್ದು. ಈಗ ಪ್ರವಾಸ ಕಚೇರಿಯೊಂದು ಅಂಥವರನ್ನು ಕರೆದೊಯ್ಯಲು ದಾರಿ ತೋರಿಸುವವರನ್ನು ಹುಡುಕುತ್ತಿತ್ತು. ಷರತ್ತು ಒಂದೇ: ಈ ಕರಾವಳಿಯನ್ನು ಒಂದೇ ದಿನದಲ್ಲಿ, ಯಾರ ಗಾಡಿಯನ್ನೂ ಹತ್ತದೆ, ಯಾರ ಬೆಂಬಲವೂ ಇಲ್ಲದೆ ಮುಗಿಸಬೇಕು. ಮುಗಿಸಿದರೆ ಅವಳ ಬದುಕು ಅವಳದು. ಮುಗಿಸದಿದ್ದರೆ ಸೋಮವಾರವೇ ಭಾವನ ಮನೆ ಸೇರಿ ಅವನ ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕು, ಅವಳ ಎರಡು ಕೋಣೆಯ ಮನೆಗೆ ಅವನ ಮಗ ಬರುತ್ತಾನೆ. ಮನೆಯವರೆಲ್ಲ ಕೂತು ಹಾಗೆಂದು ಮಾತಾಗಿತ್ತು. ಅವಳೊಬ್ಬಳು ಮಾತ್ರ ಆ ಮಾತಿಗೆ ಹೂಂ ಅಂದಿರಲಿಲ್ಲ.

ಕಮ್ಶಾತ್ ಸೈಕಲ್ಲಿನಿಂದ ಇಳಿದಳು. ಮೆಂದಿಬಾಯ್ ಗೆದ್ದವನಂತೆ ಚಹಾ ಹೀರಿದ. ಅವಳು ಕಾರಿನ ಕಡೆ ಹೋಗಲಿಲ್ಲ. ಹ್ಯಾಂಡಲ್ ಹಿಡಿದು ರಸ್ತೆ ಬಿಟ್ಟಳು, ಉಪ್ಪಿನ ಬಯಲಿಗೆ ಇಳಿದಳು, ಭಾವನ ಬೆನ್ನ ಹಿಂದೆ, ಕಾರಿಗೂ ಹಿಂದೆ, ದೊಡ್ಡ ಸುತ್ತು ಹಾಕಿದಳು. ಮೇಲಿನ ಪದರ ಒಡೆದು ಗಾಲಿಗಳು ಕೆಸರಿನಲ್ಲಿ ಹೂತವು. ಎತ್ತಿ, ತಳ್ಳಿ, ಮತ್ತೆ ಎತ್ತಿ ರಸ್ತೆಗೆ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮರ್ಯಾದೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆರು ಕಿಲೋಮೀಟರ್ ಮುಂದೆ ಅವನು ಮತ್ತೆ ಕುಳಿತಿದ್ದ. ಮತ್ತೆ ವಂದನೆ, ಮತ್ತೆ ಬೆನ್ನ ಹಿಂದಿನ ಸುತ್ತು. ಈ ಸಲ ಮುಳ್ಳುಕಂಟಿ. ಹಿಂದಿನ ಟ್ಯೂಬು ಪಂಕ್ಚರ್ ಆಯಿತು.

ಅವಳು ತೇಪೆ ಹಚ್ಚುತ್ತಿದ್ದಾಗ ಮನೆ ಕಟ್ಟುವ ಚಿಪ್ಪುಗಲ್ಲು ಹೇರಿದ ಲಾರಿಯೊಂದು ನಿಂತಿತು. ಬಯಲಿನಲ್ಲಿ ಒಂಟಿ ಮನುಷ್ಯರನ್ನು ಕಂಡು ನಿಲ್ಲಿಸದೆ ಹೋಗುವ ಚಾಲಕ ಆ ಸೀಮೆಯಲ್ಲಿಲ್ಲ. ಬೆಳಗಿನಿಂದ ಅವಳು ಹನ್ನೊಂದು ಜನರಿಗೆ ಬೇಡ ಎಂದಿದ್ದಳು. ಈತ ಸೈಕಲ್ಲನ್ನು ಕಲ್ಲಿನ ಮೇಲೆ ಕಟ್ಟಿಬಿಡುತ್ತೇನೆಂದು ಹಗ್ಗವನ್ನೇ ತೆಗೆದ. ಅವಳು ಷರತ್ತು ಹೇಳಿದಳು. ಅವನು ದೂರದಲ್ಲಿ ಕುಳಿತಿದ್ದವನನ್ನೂ ಕೆಸರು ಮೆತ್ತಿದ ಅವಳ ಮೊಣಕಾಲುಗಳನ್ನೂ ನೋಡಿದ.

"ಅಲ್ಲಕ್ಕ, ಆ ಯಜಮಾನ್ರು ಯಾರು?"

"ನಮ್ಮೆಜಮಾನರ ಅಣ್ಣ."

"ಹೀಗೇ ಎಲ್ಲೀವರೆಗೆ ಕೂತ್ಕೊಂಡು ಬರ್ತಾರಂತೆ?"

"ಅವರ ಕಾರಲ್ಲಿ ಪೆಟ್ರೋಲ್ ಇರೋವರೆಗೆ."

ಚಾಲಕ ನಗಲಿಲ್ಲ. ನಾಲ್ಕು ಒಣಮೊಸರಿನ ಉಂಡೆಗಳನ್ನು ಅವಳ ಕೈಗಿಟ್ಟ. ತಿನ್ನುವುದಕ್ಕೂ ಷರತ್ತಿದೆಯಾ ಎಂದು ಕೇಳಿ ಹೊರಟುಹೋದ.

ಮೂರನೆಯ ಸುತ್ತು ಮುಗಿದಾಗ ನಾಲ್ಕು ಗಂಟೆ ದಾಟಿತ್ತು. ಎದುರುಗಾಳಿ ಬಾಯಿಗೆ ಮಣ್ಣು ತುಂಬುತ್ತಿತ್ತು. ಇನ್ನೂ ನಲವತ್ತು ಕಿಲೋಮೀಟರ್. ಲೆಕ್ಕ ಹಾಕಿದಳು: ಇನ್ನೊಂದು ಸುತ್ತು ಬಂದರೆ ಕತ್ತಲಾಗುತ್ತದೆ.

ನಾಲ್ಕನೆಯ ಜಾಗವನ್ನು ಮೆಂದಿಬಾಯ್ ಯೋಚಿಸಿ ಆರಿಸಿದ್ದ. ಅಲ್ಲಿ ರಸ್ತೆ ಒಂದು ಹಳೆಯ ಕಲ್ಲುಗಣಿಯ ಅಂಚಿನಲ್ಲೇ ಹೋಗುತ್ತದೆ. ಕಾರನ್ನು ಆಚೆ ನಿಲ್ಲಿಸಿ ಅವನು ಗಣಿಯ ಬಾಯಿಗೆ ಬೆನ್ನು ಹಾಕಿ ಕುಳಿತಿದ್ದ. ಅವನ ಹಿಂದೆ ನಾಲ್ಕಾಳು ಆಳದ ಹೊಂಡ. ರಸ್ತೆಯ ಇನ್ನೊಂದು ಮಗ್ಗುಲಿಗೆ ಬಿಳಿಯ ಕಡಿಬಂಡೆ, ಕೆಳಗೆ ಸಮುದ್ರ. ಹಿಂದಿನಿಂದ ಹೋಗುವ ದಾರಿಯೇ ಇರಲಿಲ್ಲ.

ಕಮ್ಶಾತ್ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಳು. ಮದುವೆಯ ಮರುದಿನ ಇದೇ ಭಾವನ ಎದುರು ಒಲೆಯ ಬಳಿ ಮುಕ್ಕಾಲು ಗಂಟೆ ಕಾದು ನಿಂತಿದ್ದವಳು ಅವಳು.

"ಸಾಕು ಮಾಡಮ್ಮ. ಹಟ ಮಾಡಿದ್ದಾಯ್ತು."

"ಭಾವ, ಎದ್ದು ಆ ಕಡೆ ತಿರುಗಿ. ಕೇಳ್ಕೋತೀನಿ."

ಅವನು ಏಳಲಿಲ್ಲ. ಕಣ್ಣು ಮುಚ್ಚಿ ಕುಳಿತ, ಪ್ರಾರ್ಥನೆಗೆ ಕುಳಿತವನ ಹಾಗೆ.

"ಹಾಗಾದ್ರೆ ನೋಡ್ತಾ ಇರಿ" ಎಂದಳು.

ತಲೆವಸ್ತ್ರದ ಗಂಟು ಬಿಗಿದಳು. ಪೆಡಲಿನ ಮೇಲೆ ನಿಂತಳು. ಕಣ್ತಪ್ಪಿಸಿ ನುಸುಳುವವಳಂತೆ ಸಮುದ್ರದ ಬದಿಯ ಅಂಚು ಹಿಡಿಯಲಿಲ್ಲ. ನಡುರಸ್ತೆಯಲ್ಲೇ, ಅವನ ಮೊಣಕಾಲಿಗೆ ಎರಡು ಗಜದ ದೂರದಲ್ಲಿ, ತಲೆ ಎತ್ತಿಕೊಂಡೇ ದಾಟಿದಳು. ಅವನು ಕಣ್ಣು ಬಿಟ್ಟದ್ದು ಅವಳಿಗೆ ಕಂಡಿತು. ಕೂಗು ಬರುತ್ತದೆಂದು ಬೆನ್ನು ಬಿಗಿ ಹಿಡಿದು ತುಳಿದಳು. ಗಾಳಿಯಲ್ಲದೆ ಬೇರೇನೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರಿನ ಸದ್ದು ಬಂತು. ಈ ಸಲ ಅದು ಮುಂದೆ ಹೋಗಲಿಲ್ಲ. ನೂರು ಹೆಜ್ಜೆ ಹಿಂದೆ, ಅವಳ ವೇಗಕ್ಕೇ ಇಳಿದು, ಬಂದೇ ಬಂತು. ಅವಳು ನಿಂತು ನೀರು ಕುಡಿದರೆ ಅದೂ ನಿಂತಿತು.

ಊರ ಹೊರಗಿನ ವೃತ್ತದಲ್ಲಿ ಕಚೇರಿಯ ಶಿನಾರ್ ಕಾಗದ ಹಿಡಿದು ಕಾದಿದ್ದಳು. ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಕಮ್ಶಾತಳ ಮುಖದಲ್ಲಿ ಮೂಡುತ್ತಿದ್ದ ನಗೆ ಶಿನಾರಳ ನೋಟ ಕಂಡು ಅಲ್ಲೇ ನಿಂತಿತು. ಶಿನಾರ್ ಅವಳ ಬೆನ್ನ ಹಿಂದಿನ ಕಾರನ್ನು ನೋಡುತ್ತಿದ್ದಳು.

"ಅಕ್ಕ, ಬೆಂಬಲದ ಗಾಡಿ ಇರಬಾರದು ಅಂತ ಮೊದಲೇ ಹೇಳಿದ್ನಲ್ಲ."

ಕಮ್ಶಾತ್ ತಿರುಗಿ ಕಾರನ್ನು ನೋಡಿದಳು. ಮೆಂದಿಬಾಯ್ ಕಾರಿನಿಂದ ಇಳಿದು ಬಂದ. ಮುಖ ಧೂಳಿಗಿಂತ ಬಿಳಿಚಿತ್ತು.

"ಬೆಂಬಲವಂತೆ ಬೆಂಬಲ" ಎಂದ. "ಬೆಳಗ್ಗೆಯಿಂದ ಕಾರು ಹತ್ತು, ಹತ್ತು ಅಂತ ಬಡ್ಕೊಂಡೆ. ನಾಲ್ಕು ಕಡೆ ದಾರಿ ಕಟ್ಟಿದೆ. ಉಪ್ಪಲ್ಲಿ ಬಿದ್ಲು, ಮುಳ್ಳಲ್ಲಿ ಬಿದ್ಲು. ನನ್ನ ಮುಖದ ಎದುರೇ ದಾಟಿದ್ಲು. ಆದ್ರೂ ಹತ್ತಲಿಲ್ಲ ಇವಳು. ಬರ್ಕೊಳ್ಳಿ."

ಶಿನಾರ್ ಅವನನ್ನೊಮ್ಮೆ ನೋಡಿದಳು, ಆಮೇಲೆ ಕಾಗದವನ್ನು ಬಾನೆಟ್ಟಿನ ಮೇಲಿಟ್ಟು ಬರೆದುಕೊಂಡಳು. ಕೆಳಗೆ ಸಾಕ್ಷಿಯ ಹೆಸರು ಬೇಕಿತ್ತು. ಅವನೇ ಪೆನ್ನು ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ.

ಕಮ್ಶಾತಳ ಬೆರಳುಗಳು ಹ್ಯಾಂಡಲ್ಲಿಗೆ ಅಂಟಿದಂತೆ ಮರಗಟ್ಟಿದ್ದವು. ಒಂದೊಂದಾಗಿ ಬಿಡಿಸಿಕೊಳ್ಳುತ್ತ ನಿಂತಳು. ಮೆಂದಿಬಾಯ್ ಕಾರಿನೊಳಗೆ ಕುಳಿತು ಬಹಳ ಹೊತ್ತು ಹೊರಡಲಿಲ್ಲ. ಅವನು ಆ ಮಾತನ್ನು ದೂರೆಂದು ಹೇಳಿದನೋ, ಬೇರೆ ಮನಸ್ಸಿನಿಂದ ಹೇಳಿದನೋ ಅವಳು ಕೇಳಲಿಲ್ಲ. ನನಗೂ ಗೊತ್ತಿಲ್ಲ.